ಮರಗಳ ನಡುವೆ ಡಿಸ್ಕ್ ಗಾಲ್ಫ್: ಮೊದಲ ಇಪ್ಪತ್ತು ಮೀಟರಿನ ಆಟ

ಡಿಸ್ಕ್ ಗಾಲ್ಫ್ ಆಡುವವರ ಬಾಯಲ್ಲಿ ಒಂದು ಮಾತು ಯಾವಾಗಲೂ ಓಡಾಡುತ್ತಿರುತ್ತದೆ: ಮರ ಅಂದರೆ ಶೇಕಡ 90ರಷ್ಟು ಬರೀ ಗಾಳಿ. ಕೊಂಬೆ, ಎಲೆಗಳ ನಡುವೆ ಅಷ್ಟೊಂದು ಸಂದಿ ಇರುವಾಗ ಡಿಸ್ಕ್, ಅಂದರೆ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಹೇಗೋ ತೂರಿಕೊಂಡು ಹೋಗುತ್ತದೆ ಅನ್ನುವ ಧೈರ್ಯ ಅದು. ಕೇಳಲು ಚೆನ್ನಾಗಿದೆ. ಆದರೆ ಎಸೆದು ನೋಡಿದವರಿಗೆ ಗೊತ್ತು, ಡಿಸ್ಕ್ ಹುಡುಕಿಕೊಂಡು ಹೋಗಿ ಬಡಿಯುವುದು ಉಳಿದ ಶೇಕಡ 10ಕ್ಕೇ. ಒಟ್ಟು ಎಷ್ಟು ಜಾಗ ಖಾಲಿ ಇದೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸುಮಾರು 21 ಸೆಂಟಿಮೀಟರ್ ಅಗಲದ ಡಿಸ್ಕಿಗೆ ಕೈಬಿಟ್ಟ ಜಾಗದಿಂದ ಇಳಿಯುವ ಜಾಗದವರೆಗೆ ಉದ್ದಕ್ಕೂ ಖಾಲಿ ದಾರಿ ಬೇಕು. ನಡುವೆ ಬೆರಳು ದಪ್ಪದ ಒಂದು ಕೊಂಬೆ ಅಡ್ಡ ಬಂದರೂ ಕತೆ ಮುಗಿಯಿತು.

ಬಯಲಲ್ಲಿ ಆಡಿದರೂ ಕಾಡಲ್ಲಿ ಆಡಿದರೂ ನಿಯಮ ಅದೇ, ಡಿಸ್ಕ್ ಅದೇ, ಬುಟ್ಟಿ ಅದೇ. ಆದರೂ ಬಯಲಿನಲ್ಲಿ ಚೆನ್ನಾಗಿ ಆಡುವವರು ಕಾಡಿಗೆ ಬಂದು ತಬ್ಬಿಬ್ಬಾಗುತ್ತಾರೆ. ಅಲ್ಲಿ ತೋಳಿನ ಬಲ ಮತ್ತು ಗಾಳಿಯ ದಿಕ್ಕು ಆಟ ನಡೆಸುತ್ತವೆ. ಇಲ್ಲಿ ಕೋನ ನಡೆಸುತ್ತದೆ. ಅದರಲ್ಲೂ ಕೈಬಿಟ್ಟ ಮೇಲಿನ ಮೊದಲ 20 ಮೀಟರ್.

ಆಟವೇ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಟೀ ಎಂಬ ಜಾಗದಿಂದ ಎಸೆಯಬೇಕು. ಡಿಸ್ಕ್ ಎಲ್ಲಿ ಬಿತ್ತೋ ಅಲ್ಲಿಂದಲೇ ಮುಂದಿನ ಎಸೆತ. ಕೊನೆಗೆ ಸರಪಳಿಗಳು ನೇತಾಡುವ ಬುಟ್ಟಿಯೊಳಗೆ ಅದು ಬೀಳಬೇಕು. ಅಲ್ಲಿಗೆ ಒಂದು ಹೋಲ್ ಮುಗಿಯಿತು. ಸಾಮಾನ್ಯವಾಗಿ ಒಂದು ಕೋರ್ಸಿನಲ್ಲಿ 18 ಹೋಲ್. ಯಾರು ಕಡಿಮೆ ಎಸೆತದಲ್ಲಿ ಎಲ್ಲವನ್ನೂ ಮುಗಿಸುತ್ತಾರೋ ಅವರು ಗೆದ್ದರು. ಶುರುವಿನಲ್ಲಿ ಜನ ಕಂಬ, ಮರಗಳನ್ನೇ ಗುರಿ ಮಾಡಿಕೊಂಡು ಎಸೆಯುತ್ತಿದ್ದರು. 1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಎಡ್ ಹೆಡ್ರಿಕ್ ಮೊದಲ ಕಾಯಂ ಕೋರ್ಸ್ ಮಾಡಿದ. ಸರಪಳಿಯ ಬುಟ್ಟಿಯೂ ಅವನದೇ ಕೆಲಸ. ಮರುವರ್ಷ ಪಿಡಿಜಿಎ (ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್) ಎಂಬ ಸಂಸ್ಥೆ ಕಟ್ಟಿದ. ಇಂದಿಗೂ ಆಟದ ನಿಯಮ ಬರೆಯುವುದು ಅದೇ ಸಂಸ್ಥೆ. ಈ ಮನುಷ್ಯನ ಹುಚ್ಚು ಎಷ್ಟಿತ್ತೆಂದರೆ, 2002ರಲ್ಲಿ ತೀರಿಕೊಂಡ ಮೇಲೆ ಅವನ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಡಿಸ್ಕ್ ಮಾಡಿದರು.

ಸಂದಿಯ ಲೆಕ್ಕ

ಈಗ ಕಾಡಿಗೆ ಬರೋಣ. ಟೀ ಮೇಲೆ ನಿಂತಿದ್ದೀರಿ. 20 ಮೀಟರ್ ಮುಂದೆ ಎರಡು ಮರಗಳ ನಡುವೆ 2 ಮೀಟರ್ ಅಗಲದ ಸಂದಿ ಇದೆ. ಅದರಲ್ಲಿ ಡಿಸ್ಕ್ ಹೋಗಬೇಕು. ಎಷ್ಟು ನಿಖರವಾಗಿ ಎಸೆಯಬೇಕು? ಸಂದಿಯ ನಡುಭಾಗಕ್ಕೆ ಗುರಿಯಿಟ್ಟರೆ ಎಡಕ್ಕೆ ಒಂದು ಮೀಟರ್, ಬಲಕ್ಕೆ ಒಂದು ಮೀಟರ್ ಜಾಗ. ಅದರಲ್ಲಿ ಡಿಸ್ಕಿನ ಅರ್ಧ ಅಗಲ ಕಳೆಯಿರಿ. ಉಳಿದದ್ದು ಸುಮಾರು 90 ಸೆಂಟಿಮೀಟರ್. ಅಂದರೆ ಆ ಕಡೆ ಈ ಕಡೆ ಎರಡೂವರೆ ಡಿಗ್ರಿ ತಪ್ಪಿದರೆ ನಡೆಯುತ್ತದೆ, ಮೂರು ತಪ್ಪಿದರೆ ಮರ. ಅದೇ ಸಂದಿ 40 ಮೀಟರ್ ದೂರದಲ್ಲಿದ್ದರೆ? ಒಂದೂಕಾಲು ಡಿಗ್ರಿ. ಅದೇ ಸಂದಿ ಕಾಲ ಬುಡದಲ್ಲಿ, 5 ಮೀಟರ್ ದೂರದಲ್ಲಿದ್ದರೆ ಹತ್ತು ಡಿಗ್ರಿ ಸಿಗುತ್ತದೆ. ಅಷ್ಟು ಯಾರಿಗಾದರೂ ಸಾಕು.

ಪಾರ್ಕಿನಲ್ಲಿ ಸುಮ್ನೆ ಎಸೆದು ಅಭ್ಯಾಸ ಇರುವವರ ಕೈ ಐದು ಡಿಗ್ರಿ ಆಚೀಚೆ ಹೋಗುವುದು ದೊಡ್ಡ ವಿಷಯವೇ ಅಲ್ಲ. ಬಯಲಲ್ಲಿ 60 ಮೀಟರ್ ಎಸೆದಾಗ ಐದು ಡಿಗ್ರಿ ತಪ್ಪಿದರೆ ಡಿಸ್ಕ್ ಐದು ಮೀಟರ್ ಪಕ್ಕಕ್ಕೆ ಬೀಳುತ್ತದೆ. ನಡೆದುಕೊಂಡು ಹೋಗಿ ಮುಂದಿನ ಎಸೆತ ಎಸೆದರಾಯಿತು. ಕಾಡಲ್ಲಿ ಅದೇ ತಪ್ಪಿಗೆ 20 ಮೀಟರಿನಲ್ಲೇ ಮರ ಕಾದಿರುತ್ತದೆ. ಬಾಕಿ 40 ಮೀಟರ್ ಹಾಗೇ ಉಳಿಯುತ್ತದೆ. ತಪ್ಪು ಅಷ್ಟೇ, ದಂಡ ಮಾತ್ರ ಬೇರೆ.

ಇದರಿಂದ ಒಂದು ವಿಷಯ ಹೊರಡುತ್ತದೆ. ಬುಟ್ಟಿಯನ್ನು ನೋಡಿ ಗುರಿ ಇಡಬೇಡಿ. ಮೊದಲು ಅಡ್ಡ ಬರುವ ಸಂದಿಯನ್ನು ನೋಡಿ. ಬುಟ್ಟಿ ಎಲ್ಲಿದೆ ಅನ್ನುವುದು ಯಾವ ಸಂದಿ ಬೇಕು ಅಂತ ಆರಿಸುವಾಗ ಬೇಕು. ಆರಿಸಿ ಆಯಿತು ಅಂದ ಮೇಲೆ ಅದನ್ನು ಮರೆತುಬಿಡಿ. ಸಂದಿಯ ಮಧ್ಯದಲ್ಲಿ ದೂರಕ್ಕೆ ಕಾಣುವ ಒಂದು ಎಲೆಯನ್ನೋ, ತೊಗಟೆಯ ಮೇಲಿನ ಒಂದು ಮಚ್ಚೆಯನ್ನೋ ಹಿಡಿದು ಅದಕ್ಕೇ ಎಸೆಯಿರಿ. ಮರವನ್ನು ತಪ್ಪಿಸಬೇಕು ಅಂತ ಮರವನ್ನೇ ದಿಟ್ಟಿಸಿದರೆ ಕೈ ಅಲ್ಲಿಗೇ ಹೋಗುತ್ತದೆ. ಆಡುವವರೆಲ್ಲ ಇದನ್ನು ಅನುಭವದಿಂದ ಹೇಳುತ್ತಾರೆ, ನಾನೂ ಒಪ್ಪುತ್ತೇನೆ.

ಸಂದಿಗೆ ಅಗಲ ಮಾತ್ರ ಇರುವುದಲ್ಲ, ಎತ್ತರವೂ ಇದೆ. ಮೇಲೆ ಕೊಂಬೆಗಳ ಚಾವಣಿ. ಹೊಸಬರು ಎಡಬಲ ಮಾತ್ರ ನೋಡಿ ಎಸೆದು, ತಲೆಯ ಮೇಲಿನ ಕೊಂಬೆಗೆ ಬಡಿಸಿಕೊಳ್ಳುತ್ತಾರೆ. ಮೆಲ್ಲಗೆ ಎಸೆದ ಡಿಸ್ಕ್ ದೂರ ಹೋಗಬೇಕಾದರೆ ಸ್ವಲ್ಪ ಮೇಲೇರಲೇಬೇಕು. ಚಾವಣಿ ಮೂರು ಮೀಟರಿಗೇ ಇದ್ದರೆ ಆ ಸ್ವಾತಂತ್ರ್ಯ ಇಲ್ಲ. ಆಗ ಮೊಣಕಾಲು ಬಗ್ಗಿಸಿ, ಸೊಂಟದ ಮಟ್ಟದಿಂದ, ಡಿಸ್ಕಿನ ಮೂಗು, ಅಂದರೆ ಮುಂದಿನ ಅಂಚು, ಕೆಳಗಿರುವಂತೆ ಬಿಡಬೇಕು. ಮೂಗು ಒಂಚೂರು ಮೇಲೆದ್ದರೂ ಡಿಸ್ಕ್ ಏರುತ್ತದೆ, ವೇಗ ಕಳೆದುಕೊಳ್ಳುತ್ತದೆ, ಕೊಂಬೆಗೆ ಸಿಕ್ಕಿಕೊಳ್ಳುತ್ತದೆ.

ಡಿಸ್ಕ್ ಯಾಕೆ ಬಾಗುತ್ತದೆ?

ಕಾಡಿನ ದಾರಿಗಳು ನೇರ ಇರುವುದು ಕಡಿಮೆ. ಎಡಕ್ಕೋ ಬಲಕ್ಕೋ ತಿರುಗುತ್ತವೆ. ಡಿಸ್ಕಿನ ತಿರುವು ದಾರಿಯ ತಿರುವಿಗೆ ಹೊಂದಬೇಕು. ಅದಕ್ಕೇ ಡಿಸ್ಕ್ ಯಾಕೆ ಬಾಗುತ್ತದೆ ಅಂತ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಬಲಗೈಯವರು ಬ್ಯಾಕ್‌ಹ್ಯಾಂಡ್‌ನಲ್ಲಿ, ಅಂದರೆ ತೋಳನ್ನು ಎದೆಗೆ ಅಡ್ಡ ತಂದು ಬೀಸಿ, ಎಸೆದ ಡಿಸ್ಕನ್ನು ಮೇಲಿನಿಂದ ನೋಡಿದರೆ ಅದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತಿರುತ್ತದೆ. ವೇಗ ಕಡಿಮೆಯಾದಾಗ ಗಾಳಿ ಅದರ ಮುಂಭಾಗವನ್ನು ಜಾಸ್ತಿ ಎತ್ತುತ್ತದೆ. ಸುತ್ತದ ವಸ್ತುವಾಗಿದ್ದರೆ ಮೂಗೆತ್ತಿ ಹಿಂದಕ್ಕೆ ಮಗುಚುತ್ತಿತ್ತು. ಸುತ್ತುವ ಡಿಸ್ಕ್ ಬುಗುರಿಯ ಹಾಗೆ. ಒಂದು ಕಡೆಗೆ ತಳ್ಳಿದರೆ ಅದಕ್ಕೆ ಅಡ್ಡ ದಿಕ್ಕಿಗೆ ವಾಲುತ್ತದೆ. ಹಾಗಾಗಿ ಮೂಗೆತ್ತುವ ಬದಲು ಡಿಸ್ಕ್ ಎಡಕ್ಕೆ ವಾಲಿ ಎಡಕ್ಕೇ ಇಳಿಯುತ್ತದೆ. ಇದಕ್ಕೆ ಫೇಡ್ ಅನ್ನುತ್ತಾರೆ. ಎಸೆದ ತಕ್ಷಣ, ವೇಗ ತುಂಬಾ ಇರುವಾಗ, ಕೆಲವು ಡಿಸ್ಕ್‌ಗಳಲ್ಲಿ ಇದರ ಉಲ್ಟಾ ಆಗುತ್ತದೆ. ಗಾಳಿ ಮೂಗನ್ನು ಕೆಳಕ್ಕೆ ಒತ್ತುತ್ತದೆ, ಡಿಸ್ಕ್ ಬಲಕ್ಕೆ ವಾಲುತ್ತದೆ. ಇದು ಟರ್ನ್. ಫೋರ್‌ಹ್ಯಾಂಡ್‌ನಲ್ಲಿ, ಅಂದರೆ ಎಸೆಯುವ ಕೈಯ ಬದಿಯಿಂದಲೇ ಬೀಸಿ, ಎಸೆದರೆ ಸುತ್ತುವ ದಿಕ್ಕು ಬದಲಾಗುತ್ತದೆ. ಆಗ ಎಡ ಬಲ ಎಲ್ಲ ಅದಲುಬದಲು. ಎಡಗೈಯವರಿಗೂ ಹಾಗೆಯೇ.

ಡಿಸ್ಕಿನ ಮೇಲೆ ಬರೆದಿರುವ ನಾಲ್ಕು ಸಂಖ್ಯೆಗಳು ಇದನ್ನೇ ಹೇಳುತ್ತವೆ: ಸ್ಪೀಡ್, ಗ್ಲೈಡ್ (ಗಾಳಿಯಲ್ಲಿ ತೇಲುವ ಗುಣ), ಟರ್ನ್, ಫೇಡ್. ಇನ್ನೋವಾ ಕಂಪನಿಯ ಏವಿಯಾರ್ ಎಂಬ ಪಟರ್‌ಗೆ (ಬುಟ್ಟಿಯ ಹತ್ತಿರದ ಎಸೆತಕ್ಕೆ ಮಾಡಿದ ಡಿಸ್ಕ್) 2, 3, 0, 1. ಅದೇ ಕಂಪನಿಯ ಡಿಸ್ಟ್ರಾಯರ್ ಎಂಬ ಡ್ರೈವರ್‌ಗೆ (ದೂರದ ಎಸೆತಕ್ಕೆ ಮಾಡಿದ ಡಿಸ್ಕ್) 12, 5, -1, 3. ಇಲ್ಲಿ ಸ್ಪೀಡ್ ಅಂದರೆ ಆ ಡಿಸ್ಕ್ ಹೇಳಿದಂತೆ ಹಾರಬೇಕಾದರೆ ನೀವು ಕೊಡಬೇಕಾದ ವೇಗ. ಡಿಸ್ಕ್ ತಾನಾಗಿ ಅಷ್ಟು ವೇಗ ಹೋಗುತ್ತದೆ ಅಂತ ಅಲ್ಲ. ಇಲ್ಲೇ ಹೊಸಬರು ಎಡವುವುದು. 12ರ ಡಿಸ್ಕನ್ನು ಸಾಕಷ್ಟು ಬಲವಿಲ್ಲದೆ ಎಸೆದರೆ ಟರ್ನ್ ಆಗುವುದೇ ಇಲ್ಲ. ಶುರುವಿನಿಂದಲೇ ಫೇಡ್. ಕೈಯಿಂದ ಹೊರಟ ಸ್ವಲ್ಪ ಹೊತ್ತಿಗೇ ಎಡಕ್ಕೆ ತಿರುಗಿ ಎಡಗಡೆಯ ಮರಗಳಿಗೆ ಹೋಗುತ್ತದೆ. ಬಯಲಲ್ಲಿ ಅದು ಬರೀ ಸಣ್ಣ ಎಸೆತ. ಕಾಡಲ್ಲಿ ಎರಡು ಎಸೆತ ನಷ್ಟ.

ಹಾಗಾಗಿ ಕಾಡಿನ ಕೋರ್ಸಿಗೆ ಹೊರಟವರಿಗೆ ನನ್ನ ಸಲಹೆ: ಚೀಲದಿಂದ ದೊಡ್ಡ ಡ್ರೈವರ್‌ಗಳನ್ನು ತೆಗೆದು ಮನೆಯಲ್ಲಿಡಿ. ಒಂದೆರಡು ಪಟರ್, ಎರಡು ಮಿಡ್‌ರೇಂಜ್ (ಪಟರ್‌ಗೂ ಡ್ರೈವರ್‌ಗೂ ನಡುವಿನ ಡಿಸ್ಕ್), ಒಂದು ಸಣ್ಣ ಡ್ರೈವರ್ ಸಾಕು. ಪಟರ್ ಮತ್ತು ಮಿಡ್‌ರೇಂಜ್ ಕಡಿಮೆ ವೇಗದಲ್ಲೂ ನೇರ ಹೋಗುತ್ತವೆ. ಕೋನ ತಪ್ಪಿದರೆ ತಪ್ಪಿದಷ್ಟೇ ತಪ್ಪುತ್ತವೆ, ಇನ್ನಷ್ಟು ಸೇರಿಸುವುದಿಲ್ಲ. ಮರದ ದಪ್ಪ ನೋಡಿ ಬಲ ಜಾಸ್ತಿ ಹಾಕುವ ಆಸೆಯಾಗುತ್ತದೆ, ಅಲ್ವಾ? ಅದನ್ನು ತಡೆಯುವುದಕ್ಕೂ ಸಣ್ಣ ಡಿಸ್ಕ್ ಒಳ್ಳೆಯದು.

ಎಸೆಯುವಾಗ ಡಿಸ್ಕಿನ ಹೊರ ಅಂಚನ್ನು, ಅಂದರೆ ಮೈಯಿಂದ ದೂರದ ಅಂಚನ್ನು, ಕೆಳಗೆ ಬಾಗಿಸಿ ಬಿಟ್ಟರೆ ಹೈಜರ್. ಬಲಗೈ ಬ್ಯಾಕ್‌ಹ್ಯಾಂಡ್‌ನಲ್ಲಿ ಅದು ಎಡಕ್ಕೆ ಬಾಗುತ್ತದೆ. ಅಂಚನ್ನು ಮೇಲೆತ್ತಿ ಬಿಟ್ಟರೆ ಅನ್‌ಹೈಜರ್, ಬಲಕ್ಕೆ. ಬಲಕ್ಕೆ ತಿರುಗುವ ದಾರಿಗೆ ಹೊಸಬರು ಅನ್‌ಹೈಜರ್ ಪ್ರಯತ್ನಿಸುತ್ತಾರೆ. ನನ್ನ ಪ್ರಕಾರ ಆ ಜಾಗದಲ್ಲಿ ಫೋರ್‌ಹ್ಯಾಂಡ್ ಹೈಜರ್ ಸುಲಭ. ಅನ್‌ಹೈಜರ್ ಬಿಟ್ಟಾಗ ಡಿಸ್ಕ್ ತನ್ನ ಸಹಜ ಎಡ ತಿರುವಿನ ವಿರುದ್ಧ ಹೋಗುತ್ತಿರುತ್ತದೆ. ಎಲ್ಲಿ ಆ ಹಟ ಬಿಟ್ಟು ನೇರವಾಗುತ್ತದೆ ಅಂತ ಹೇಳುವುದು ಕಷ್ಟ. ಹೈಜರ್ ಶುರುವಿನಿಂದ ಕೊನೆಯವರೆಗೆ ಒಂದೇ ಕಡೆಗೆ ಬಾಗುತ್ತದೆ. ಕಾಡಲ್ಲಿ ಮುಂಚೆಯೇ ಊಹಿಸಬಹುದಾದ ತಿರುವಿಗೆ ಬೆಲೆ ಜಾಸ್ತಿ.

ಮರಕ್ಕೆ ಬಡಿದ ಮೇಲೆ

ಬಡಿಯುತ್ತದೆ. ವಿಶ್ವ ಚಾಂಪಿಯನ್ನರಿಗೂ ಬಡಿಯುತ್ತದೆ. ಕಾಡಿನ ಸ್ಕೋರ್ ನಿಜವಾಗಿ ಕೆಡುವುದು ಅಲ್ಲಿ ಅಲ್ಲ, ಅದರ ಮುಂದಿನ ಎಸೆತದಲ್ಲಿ.

ಡಿಸ್ಕ್ ದಾರಿ ಬಿಟ್ಟು ಪೊದೆಯೊಳಗೆ ಬಿದ್ದಿದೆ ಅಂದುಕೊಳ್ಳಿ. ಮುಂದೆ ಬುಟ್ಟಿಯ ಕಡೆಗೆ ಒಂದು ಕಿರಿದಾದ ಸಂದಿ ಕಾಣುತ್ತಿದೆ. ಪಕ್ಕಕ್ಕೆ ಎಸೆದರೆ ಆರಾಮಾಗಿ ದಾರಿಗೆ ಬರಬಹುದು. ಪಕ್ಕಕ್ಕೆ ಎಸೆದರೆ ಲೆಕ್ಕ ಹೀಗೆ: ಹೊರಬರಲು ಒಂದು, ಬುಟ್ಟಿಯ ಹತ್ತಿರ ಹೋಗಲು ಒಂದು, ಒಳಗೆ ಹಾಕಲು ಒಂದು. ಒಟ್ಟು ಮೂರು. ಸಂದಿಯಲ್ಲಿ ತೂರಿಸಿದರೆ ಎರಡರಲ್ಲೇ ಮುಗಿಯುತ್ತದೆ. ತೂರದಿದ್ದರೆ? ಡಿಸ್ಕ್ ಬಹುತೇಕ ಇದ್ದಲ್ಲೇ ಬೀಳುತ್ತದೆ. ಒಂದು ಎಸೆತ ಹೋಯಿತು, ಇನ್ನೂ ಮೂರು ಬಾಕಿ. ಒಟ್ಟು ನಾಲ್ಕು. ಗೆದ್ದರೆ ಒಂದು ಲಾಭ, ಸೋತರೆ ಒಂದು ನಷ್ಟ. ಅಂದರೆ ಎರಡು ಸಲ ಎಸೆದರೆ ಒಂದು ಸಲಕ್ಕಿಂತ ಜಾಸ್ತಿ ಆ ಸಂದಿ ಸಿಗುವ ಹಾಗಿದ್ದರೆ ಮಾತ್ರ ಎಸೆಯುವುದರಲ್ಲಿ ಅರ್ಥ ಇದೆ. ಬಡಿದ ಡಿಸ್ಕ್ ಇನ್ನೂ ಒಳಗೆ ಹೋಗುವ ಜಾಗವಾದರೆ ಅರ್ಧವೂ ಸಾಲದು.

ಪೊದೆಯೊಳಗೆ ಕಾಲಿಗೆ ಬಳ್ಳಿ ಸುತ್ತಿಕೊಂಡು, ಕೈ ಬೀಸಲು ಜಾಗವಿಲ್ಲದೆ, ಓಡಿಬಂದು ಎಸೆಯಲು ಆಗದೆ ನಿಂತಿರುವಾಗ, ಆ ಕಿರಿದಾದ ಸಂದಿ ನಿಮಗೆ ಎರಡಕ್ಕೊಂದು ಸಲ ಸಿಗುತ್ತದೆಯೇ? ಪ್ರಾಮಾಣಿಕವಾಗಿ ಉತ್ತರಿಸಿದರೆ ಹೆಚ್ಚಿನ ಸಲ ಇಲ್ಲ ಅಂತಲೇ. ಆದರೆ ಹಿಂದಿನ ಎಸೆತ ಕೆಟ್ಟಿದ್ದಕ್ಕೆ ಸಿಟ್ಟು ಇರುತ್ತದಲ್ಲ, ಆ ಸಿಟ್ಟು ಕಿರಿದಾದ ಸಂದಿಯನ್ನು ಅಗಲ ಮಾಡಿ ತೋರಿಸುತ್ತದೆ. ಮೂರರಲ್ಲಿ ಮುಗಿಯಬೇಕಿದ್ದ ಹೋಲಿಗೆ ಏಳು ಬರೆದುಕೊಂಡು ಹೊರಬರುವುದು ಹೀಗೆಯೇ.

ಹೊರಬರುವ ಎಸೆತಕ್ಕೂ ಸ್ವಲ್ಪ ಅಭ್ಯಾಸ ಬೇಕು. ನಿಂತಲ್ಲಿಂದಲೇ, ಮಣಿಕಟ್ಟಿನಿಂದ ಮಾತ್ರ ಎಸೆಯುವುದು. ಮಂಡಿಯೂರಿ ಪೊದೆಯ ಕೆಳಗಿಂದ ಬಿಡುವುದು. ಮೇಲೆ ಚಾವಣಿ ಇದ್ದು ನೆಲ ಖಾಲಿ ಇದ್ದರೆ ರೋಲರ್, ಅಂದರೆ ಡಿಸ್ಕನ್ನು ಅಂಚಿನ ಮೇಲೆ ನಿಲ್ಲಿಸಿ ಉರುಳಿಸುವುದು. ಮುಂದೆ ಗೋಡೆಯ ಹಾಗೆ ಮರಗಳಿದ್ದು ಮೇಲೆ ಆಕಾಶ ಕಾಣುತ್ತಿದ್ದರೆ ಟೊಮಹಾಕ್: ಡಿಸ್ಕನ್ನು ಲಂಬವಾಗಿ ಹಿಡಿದು ತಲೆಯ ಮೇಲಿಂದ ಎಸೆಯುವುದು. ಇವನ್ನು ಮೊದಲ ಸಲ ಪಂದ್ಯದ ನಡುವೆ ಪ್ರಯತ್ನಿಸಬೇಡಿ.

ಕಾಡಲ್ಲೇ ಹೆಚ್ಚು ಬೇಕಾಗುವ ನಿಯಮಗಳು

ಬಯಲಿನವರಿಗೆ ವರ್ಷಕ್ಕೊಮ್ಮೆ ನೆನಪಾಗುವ ಕೆಲವು ನಿಯಮಗಳು ಕಾಡಲ್ಲಿ ಪ್ರತಿ ರೌಂಡಿಗೂ ಬೇಕು. ಡಿಸ್ಕ್ ಬಿದ್ದ ಜಾಗದಲ್ಲಿ ಅದರ ಮುಂದೆ ಒಂದು ಪುಟ್ಟ ಗುರುತಿನ ಡಿಸ್ಕ್ ಇಡುತ್ತೇವೆ. ಅದರ ಹಿಂದೆ 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಜಾಗವೇ ಲೈ. ಎಸೆಯುವ ಕ್ಷಣದಲ್ಲಿ ದೇಹದ ಒಂದು ಭಾಗ ಅಲ್ಲಿ ನೆಲಕ್ಕೆ ತಾಗಿರಬೇಕು. ಇನ್ನೊಂದು ಕಾಲನ್ನು ಪಕ್ಕಕ್ಕೆ ಎಷ್ಟು ದೂರ ಬೇಕಾದರೂ ಚಾಚಬಹುದು, ಬುಟ್ಟಿಗೆ ಇನ್ನೂ ಹತ್ತಿರ ಹೋಗಬಾರದು ಅಷ್ಟೇ. ಮರದ ಹಿಂದೆ ಸಿಕ್ಕಿಕೊಂಡವರು ಒಂದು ಕಾಲು ಲೈ ಮೇಲೆ ಊರಿ, ಇನ್ನೊಂದನ್ನು ಅಗಲಿಸಿ, ಬದಿಗೆ ಬಾಗಿ ಕಾಂಡದ ಪಕ್ಕದಿಂದ ಎಸೆಯುವುದು ಅದಕ್ಕೇ. ನೋಡಲು ವಿಚಿತ್ರ, ಆದರೆ ಕಾನೂನು ಪ್ರಕಾರ ಸರಿ. ಬುಟ್ಟಿಯಿಂದ 10 ಮೀಟರ್ ಒಳಗಿದ್ದರೆ ಮಾತ್ರ ಎಸೆದ ಮೇಲೆ ಮುಂದಕ್ಕೆ ಕಾಲಿಡುವ ಮುಂಚೆ ಸಮತೋಲನ ತೋರಿಸಬೇಕು.

ಕೊಂಬೆ ಮುರಿಯುವ ಹಾಗಿಲ್ಲ. ನಿಲ್ಲುವಾಗ ಗಿಡಕ್ಕೆ ಅತಿ ಕಡಿಮೆ ಅಲುಗಾಟ ಆಗುವ ಭಂಗಿಯನ್ನೇ ಆರಿಸಬೇಕು. ನಿಂತ ಮೇಲೆ ಕೈಬೀಸಲು ಜಾಗ ಮಾಡಿಕೊಳ್ಳಲು ಕೊಂಬೆಯನ್ನು ಹಿಡಿದಿಡುವುದು ತಪ್ಪು. ಕೈ ಬೀಸುವಾಗ ಎಲೆಗೆ ತಾಗಿದರೆ ಪರವಾಗಿಲ್ಲ. ಲೈ ಮೇಲೆ ಅಥವಾ ಅದರ ಹಿಂದೆ ಬಿದ್ದಿರುವ ಒಣ ಎಲೆ, ಮುರಿದು ಬಿದ್ದ ಕೊಂಬೆಗಳನ್ನು ಸರಿಸಬಹುದು. ಬುಟ್ಟಿಯ ಕಡೆಗೆ, ಮುಂದೆ ಇರುವುದನ್ನು ಮುಟ್ಟುವ ಹಾಗಿಲ್ಲ.

ಡಿಸ್ಕ್ ಮರದ ಮೇಲೆಯೇ ಕುಳಿತರೆ? ಅದರ ನೇರ ಕೆಳಗೆ ಗುರುತು ಇಟ್ಟು ಆಡಬೇಕು. 2 ಮೀಟರ್ ಎತ್ತರ ಮೀರಿದ್ದರೆ ಒಂದು ದಂಡದ ಎಸೆತ ಅನ್ನುವುದು ಎಲ್ಲ ಕಡೆ ಇಲ್ಲ. ಪಂದ್ಯ ನಡೆಸುವವರು ಮೊದಲೇ ಹೇಳಿದ್ದರೆ ಮಾತ್ರ ಉಂಟು. ಡಿಸ್ಕ್ ಸಿಗದಿದ್ದರೆ ಹುಡುಕಲು ಮೂರು ನಿಮಿಷ. ಆಮೇಲೆ ಒಂದು ದಂಡ, ಹಿಂದಿನ ಜಾಗದಿಂದ ಮತ್ತೆ ಎಸೆತ. ಎಲೆ ಉದುರುವ ಕಾಲದಲ್ಲಿ ಈ ಮೂರು ನಿಮಿಷ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ಕಂದು, ಹಸಿರು, ಕಿತ್ತಳೆ ಬಣ್ಣದ ಡಿಸ್ಕ್ ಕಾಡಿಗೆ ತರಬೇಡಿ. ಗುಲಾಬಿ ಅಥವಾ ಎದ್ದು ಕಾಣುವ ನೀಲಿ ಒಳ್ಳೆಯದು. ಇನ್ನೊಂದು ದಾರಿಯೂ ಇದೆ: ಜಾಗ ತೀರಾ ಕೆಟ್ಟದಾಗಿದ್ದರೆ ಒಂದು ದಂಡ ಒಪ್ಪಿಕೊಂಡು, ಬುಟ್ಟಿ ಮತ್ತು ಲೈ ಸೇರಿಸುವ ಗೆರೆಯ ಮೇಲೆ ಎಷ್ಟು ಬೇಕಾದರೂ ಹಿಂದೆ ಸರಿದು ಎಸೆಯಬಹುದು. ಮುಳ್ಳಿನ ಪೊದೆಯಲ್ಲಿ ಮೈ ಕೈ ಕೆರೆದುಕೊಳ್ಳುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ಸುರಕ್ಷತೆಯ ಬಗ್ಗೆ ಒಂದೇ ಮಾತು. ಪರಿಣತರು ಎಸೆದ ಡಿಸ್ಕ್ ಗಂಟೆಗೆ 100 ಕಿಲೋಮೀಟರ್ ಮೀರಿ ಹೋಗುತ್ತದೆ. ಕಾಡಲ್ಲಿ ಮುಂದಿನ ಗುಂಪು ಕಾಣುವುದಿಲ್ಲ, ಮರಕ್ಕೆ ಬಡಿದ ಡಿಸ್ಕ್ ಯಾವ ಕಡೆಗೆ ಚಿಮ್ಮುತ್ತದೋ ಗೊತ್ತಾಗುವುದಿಲ್ಲ. ತಿರುವಿನ ಹತ್ತಿರ ಒಬ್ಬರನ್ನು ನಿಲ್ಲಿಸಿ. ಅವರು ದಾರಿ ಖಾಲಿ ಇದೆ ಅಂತ ಹೇಳಿದ ಮೇಲೆ ಎಸೆಯಿರಿ. ಡಿಸ್ಕ್ ಎಲ್ಲಿ ಬಿತ್ತು ಅಂತಲೂ ಅವರೇ ನೋಡುತ್ತಾರೆ. ಎಸೆಯುವವರ ಪಕ್ಕಕ್ಕೂ ಮುಂದಕ್ಕೂ ಯಾರೂ ನಿಲ್ಲಬಾರದು.

ಒಳ್ಳೆಯ ಕಾಡು, ಕೆಟ್ಟ ಕಾಡು

ಮರ ಇದ್ದ ಮಾತ್ರಕ್ಕೆ ಕೋರ್ಸ್ ಒಳ್ಳೆಯದಾಗುವುದಿಲ್ಲ. ಒಳ್ಳೆಯ ಕಾಡಿನ ಹೋಲಿನಲ್ಲಿ ಟೀ ಮೇಲೆ ನಿಂತರೆ ದಾರಿ ಕಾಣಬೇಕು. ಒಂದು ಅಗಲದ ಸುರಕ್ಷಿತ ದಾರಿ, ಒಂದು ಕಿರಿದಾದ ಲಾಭದ ದಾರಿ ಇದ್ದರೆ ಇನ್ನೂ ಚೆನ್ನ. ಸರಿಯಾಗಿ ಎಸೆದವರಿಗೆ ಸಿಗಬೇಕು, ತಪ್ಪು ಎಸೆದವರಿಗೆ ಸಿಗಬಾರದು. ಅಮೆರಿಕದಲ್ಲಿ ವರ್ಮಾಂಟ್‌ನ ಸ್ಮಗ್ಲರ್ಸ್ ನಾಚ್‌ನಲ್ಲಿರುವ ಬ್ರೂಸ್ಟರ್ ರಿಡ್ಜ್, ಇಲಿನಾಯ್‌ನ ಮಾರ್ಟನ್ ಊರಿನ ನಾರ್ತ್‌ವುಡ್ ಬ್ಲ್ಯಾಕ್, ಕೆಂಟಕಿಯ ಐಡಲ್‌ವೈಲ್ಡ್ ಇಂಥ ಕಾಡಿನ ಆಟಕ್ಕೆ ಹೆಸರಾದವು. ಅಲ್ಲಿ ದೊಡ್ಡ ದೊಡ್ಡ ತೋಳಿನವರೂ ಟೀ ಮೇಲೆ ನಿಂತು ಪಟರ್ ಅಥವಾ ಮಿಡ್‌ರೇಂಜ್ ಕೈಗೆತ್ತಿಕೊಳ್ಳುವುದನ್ನು ನೋಡಬಹುದು.

ಕೆಟ್ಟ ಹೋಲ್ ಹೇಗಿರುತ್ತದೆ? ಎಲ್ಲ ಕಡೆ ಮರ, ಎಲ್ಲ ಸಂದಿಯೂ ಒಂದೇ ಅಗಲ, ಯಾವುದೂ ಪೂರ್ತಿ ತೆರೆದಿಲ್ಲ. ಎಲ್ಲಿ ಎಸೆದರೂ ಅದೃಷ್ಟದ ಮಾತು. ಚೆನ್ನಾಗಿ ಎಸೆದವರ ಡಿಸ್ಕ್ ಕಾಂಡಕ್ಕೆ ಬಡಿದು ಹಿಂದೆ ಬರುತ್ತದೆ, ಕೆಟ್ಟದಾಗಿ ಎಸೆದವರದು ಅದೇ ಕಾಂಡದ ಇನ್ನೊಂದು ಬದಿಗೆ ಬಡಿದು ಬುಟ್ಟಿಯ ಪಕ್ಕಕ್ಕೆ ಚಿಮ್ಮುತ್ತದೆ. ಇಂಥ ಹೋಲ್‌ಗಳನ್ನು ಕಾಡಿನ ನಿಜವಾದ ಪರೀಕ್ಷೆ ಅಂತ ಹೊಗಳುವವರೂ ಇದ್ದಾರೆ. ನನಗೆ ಒಪ್ಪಿಗೆ ಇಲ್ಲ. ಕೌಶಲಕ್ಕೂ ಫಲಕ್ಕೂ ಸಂಬಂಧ ಇಲ್ಲದ ಕಡೆ ಕಲಿಯುವುದಕ್ಕೇನಿದೆ?

ಹೊಸ ಕಾಡಿನ ಕೋರ್ಸಿಗೆ ಹೋದಾಗ ಇವೆರಡನ್ನು ಗುರುತಿಸಲು ಒಂದು ಸುಲಭ ಉಪಾಯ ಇದೆ. ಎಸೆಯುವ ಮುಂಚೆ ಬುಟ್ಟಿಯವರೆಗೆ ನಡೆದು ಹೋಗಿ, ಅಲ್ಲಿಂದ ಹಿಂದೆ ತಿರುಗಿ ಟೀ ಕಡೆಗೆ ನೋಡಿ. ಟೀಯಿಂದ ಕಾಣದ ಇಳಿಯುವ ಜಾಗ, ತಿರುವಿನ ಹಿಂದಿನ ಖಾಲಿ ಪಟ್ಟಿ, ಯಾವ ಕಡೆಯಿಂದ ಬುಟ್ಟಿಗೆ ಬಂದರೆ ಅಡ್ಡಿ ಕಡಿಮೆ ಅನ್ನುವುದು ಇಲ್ಲಿಂದ ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿಂದಲೂ ಯಾವ ದಾರಿಯೂ ಕಾಣದಿದ್ದರೆ ಅದು ಎರಡನೇ ಜಾತಿಯ ಹೋಲ್. ಪಟರ್ ಹಿಡಿದು ಇರುವುದರಲ್ಲಿ ಅಗಲದ ಸಂದಿಗೆ ಮೆಲ್ಲಗೆ ಎಸೆದು, ನಾಲ್ಕು ಬರೆದುಕೊಂಡು ಮುಂದಿನ ಟೀಗೆ ನಡೆಯಿರಿ.